ಕೈ ಮುಗಿದು ದಾಟಿದ ಲೆಕ್ಕ

ಆ ಊರಿನಲ್ಲಿ ಲೆಕ್ಕಗಳು ಮನುಷ್ಯರ ಹಿಂದೆ ಮನೆಗೆ ಬರುತ್ತವೆ. ಬೇರೆ ಊರಿನವರು ಇದನ್ನು ನಂಬುವುದಿಲ್ಲ, ನಂಬಿ ಎಂದು ಆ ಊರಿನವರೂ ಯಾರ ಕಾಲಿಗೂ ಬಿದ್ದಿಲ್ಲ. ಪರೀಕ್ಷೆಯ ಅಂಗಳದಲ್ಲಿ ಯಾವ ಲೆಕ್ಕಕ್ಕೆ ನೀವು ಬೆರಳು ಹಚ್ಚಿ ಮುಗಿಸದೆ ಏಳುತ್ತೀರೋ ಆ ಲೆಕ್ಕವೂ ಎದ್ದು ನಿಮ್ಮ ಹಿಂದೆಯೇ ಹೊರಡುತ್ತದೆ. ನೀವು ತಿರುಗಿ ನೋಡಿದರೂ ಬರುತ್ತದೆ, ನೋಡದಿದ್ದರೂ ಬರುತ್ತದೆ. ಮನೆ ಹೊಕ್ಕು ಒಂದು ಮೂಲೆ ಹಿಡಿದು ಕೂತಿತೆಂದರೆ, ಅಂಗಳದಲ್ಲಿ ಬೇರೆ ಯಾರಾದರೂ ಅದನ್ನು ಮುಗಿಸದ ಹೊರತು ನೀವು ಇರುವವರೆಗೂ ಅದು ಅಲ್ಲೇ. ಮುಟ್ಟದೆ ಬಿಟ್ಟ ಲೆಕ್ಕ ಮಾತ್ರ ಯಾರ ಹಿಂದೆಯೂ ಬರುವುದಿಲ್ಲ.

ಹಾಗಾಗಿ ಆ ಊರಿನ ಬೀದಿಯಲ್ಲಿ ನಡೆದರೆ ಯಾರ ಮನೆಯಲ್ಲಿ ಏನಿದೆ ಎಂದು ತಿಳಿದುಹೋಗುತ್ತದೆ. ಕ್ಷೌರಿಕನ ಮನೆಯಲ್ಲಿ ಎರಡು ನಲ್ಲಿ ತುಂಬಿಸಿ ಒಂದು ನಲ್ಲಿ ಖಾಲಿ ಮಾಡುವ ತೊಟ್ಟಿಯ ಲೆಕ್ಕವಿದೆ, ಅವನ ಮನೆಯ ಗೋಡೆ ಬೇಸಿಗೆಯಲ್ಲೂ ತೇವ. ದರ್ಜಿಯ ಮನೆಯಲ್ಲಿ ಇಬ್ಬರು ದಾರಿಹೋಕರು ಎದುರುಬದುರಾಗಿ ಹೊರಟಿದ್ದಾರೆ, ಇನ್ನೂ ಭೇಟಿಯಾಗಿಲ್ಲ. ಅವರಿಗಾಗಿ ದರ್ಜಿ ನಡುಮನೆಯಲ್ಲಿ ಸಾಮಾನೇ ಇಡುವುದಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುವ ಮೊದಲು ಕೇಳುವ ಮಾತು ಒಂದೇ: "ಮನೇಲಿ ಲೆಕ್ಕ ಏನಾದ್ರೂ ಇದೆಯಾ?"

ಊರ ಪಕ್ಕದಲ್ಲಿ ಬೆಟ್ಟ. ಬೆಟ್ಟಕ್ಕೆ ಕಲ್ಲಿನ ಮೆಟ್ಟಿಲು. ಮೆಟ್ಟಿಲಿನ ತುದಿಯಲ್ಲಿ ಓದುಮನೆ. ಓದುಮನೆಗೆ ಸೇರಬೇಕೆಂದು ಆ ಊರಿನ ಪ್ರತಿಯೊಂದು ಮಗುವಿಗೂ ಹಾಲಿನ ಜೊತೆಯಲ್ಲೇ ಕುಡಿಸಿರುತ್ತಾರೆ. ಅಲ್ಲಿ ಏನು ಓದುತ್ತಾರೆ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಸೇರುವುದೇ ದೊಡ್ಡದು ಎನ್ನುತ್ತಾರೆ.

ಬೇವು ಹೂ ಬಿಡುವ ಕಾಲಕ್ಕೆ ಬೆಟ್ಟದ ಬುಡದ ಅಂಗಳದಲ್ಲಿ ಪರೀಕ್ಷೆ. ಒಬ್ಬೊಬ್ಬರ ಮುಂದೆಯೂ ಮರಳು ಹರಡಿದ ಒಂದು ಹಲಗೆ. ನೀರು ತುಂಬಿದ ಕೊಪ್ಪರಿಗೆಯಲ್ಲಿ ತಳ ತೂತಾದ ತಾಮ್ರದ ಬಟ್ಟಲನ್ನು ತೇಲಿಬಿಡುತ್ತಾರೆ. ಬಟ್ಟಲು ತೇಲುವವರೆಗೆ ಬರೆಯಬಹುದು, ಮುಳುಗಿದೊಡನೆ ಜಾಗಟೆ. ಲೆಕ್ಕ ಸರಿಯಾಗಿ ಮುಗಿದರೆ ಯಾರೂ ಬಂದು ಸರಿ ಎಂದು ಹೇಳಬೇಕಾಗಿಲ್ಲ. ಹಲಗೆಯ ಮರಳು ತಾನೇ ಸಮನಾಗುತ್ತದೆ, ಲೆಕ್ಕ ಎದ್ದು ಹೋಗುತ್ತದೆ. ಯಾರೇ ಆಗಲಿ ಆ ಅಂಗಳದಲ್ಲಿ ಕೂರುವುದು ಬಾಳಿನಲ್ಲಿ ಒಂದೇ ಸಲ.

ಎಲ್ಲ ಲೆಕ್ಕ ಆದ ಮೇಲೆ ಕೊನೆಯದು ಬರುತ್ತದೆ. ಅದನ್ನು ಕರಿಬಟ್ಟೆಯ ಮೇಲೆ ಬರೆದಿರುತ್ತಾರೆ. ಓದುಮನೆಯ ಒಬ್ಬರು ಕೈಗೆ ಬಿಳಿ ವಸ್ತ್ರ ಸುತ್ತಿಕೊಂಡು ಅದನ್ನು ಹೊತ್ತು ತಂದು ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾರೆ. ಕೂತವರು ಓದುತ್ತಾರೆ, ಕೈ ಮುಗಿಯುತ್ತಾರೆ. ಹೊತ್ತವರು ಮುಂದಕ್ಕೆ ಹೋಗುತ್ತಾರೆ. ಮತ್ತೊಬ್ಬರು ಓದುತ್ತಾರೆ, ಕೈ ಮುಗಿಯುತ್ತಾರೆ. ಹೀಗೆ ಸಾಲು ಮುಗಿಯುತ್ತದೆ. ಯಾರೂ ಮುಗಿಸದ ಕಾರಣ ಆ ಲೆಕ್ಕವನ್ನು ಬದಲಿಸುವ ಅಗತ್ಯವೇ ಬಂದಿಲ್ಲ, ವರ್ಷ ವರ್ಷವೂ ಅದೇ.

ಊರಿನ ಮೇಷ್ಟ್ರು ಕಲಿಸುತ್ತಿದ್ದದ್ದೂ ಮುಖ್ಯವಾಗಿ ಅದನ್ನೇ. ಕೂಡಿಸುವುದು ಕಳೆಯುವುದನ್ನೆಲ್ಲ ಬೆಳಿಗ್ಗೆ ಮುಗಿಸಿ, ಮಧ್ಯಾಹ್ನವಿಡೀ ಮಕ್ಕಳಿಗೆ ಕೈ ಮುಗಿಯುವುದನ್ನು ಅಭ್ಯಾಸ ಮಾಡಿಸುತ್ತಿದ್ದರು. ಹಳೆಯ ಕೊಡೆಯ ಬಟ್ಟೆಯನ್ನು ಹಿಡಿದು ಮಕ್ಕಳ ಮುಂದೆ ನಡೆಯುವರು. ಯಾರಾದರೂ ಒಂದು ಗಳಿಗೆ ಹೆಚ್ಚು ನೋಡಿದರೆ ಕೊಡೆಯ ಕಡ್ಡಿಯಿಂದಲೇ ಏಟು ಬೀಳುತ್ತಿತ್ತು.

"ನೋಡಬೇಡ, ಓದು. ಓದಿದ್ಮೇಲೆ ಯೋಚನೆ ಮಾಡಬೇಡ, ಕೈ ಮುಗಿ," ಎನ್ನುವರು. "ಓದುಮನೆಗೆ ಹೋದೋರೆಲ್ಲ ಹಿಂಗೇ ಹೋಗಿರೋದು."

ಮೇಷ್ಟ್ರ ಮಾತು ಸುಳ್ಳಲ್ಲ. ಅವರ ಕೈಕೆಳಗೆ ಕಲಿತವರಲ್ಲಿ ಆ ಲೆಕ್ಕವನ್ನು ಮುಟ್ಟಿದವಳು ಒಬ್ಬಳೇ. ಅವಳ ಹೆಸರೆತ್ತಿದರೆ ಮೇಷ್ಟ್ರು ಕೊಡೆ ಮಡಿಚಿ ಒಳಗೆ ಹೋಗಿಬಿಡುತ್ತಿದ್ದರು.

ಅವಳನ್ನು ಅಕ್ಕ ಎಂದೇ ಕರೆಯೋಣ, ಏಕೆಂದರೆ ಅವಳಿಗೊಬ್ಬಳು ತಂಗಿ ಇದ್ದಳು. ಇಬ್ಬರಿಗೂ ಮತ್ಯಾರೂ ಇರಲಿಲ್ಲ. ಅಕ್ಕ ಅಂಗಳದಲ್ಲಿ ಕೂತ ವರ್ಷ ತಂಗಿಗೆ ಇನ್ನೂ ಹಾಲು ಹಲ್ಲು. ಅಕ್ಕ ಎಲ್ಲ ಲೆಕ್ಕಗಳನ್ನೂ ಮುಗಿಸಿ ಕೂತಾಗ ಬಟ್ಟಲಿನ್ನೂ ಹಾಯಾಗಿ ತೇಲುತ್ತಿತ್ತಂತೆ. ಕರಿಬಟ್ಟೆ ಮುಂದೆ ಬಂತು. ಓದಿದಳು. ಅದರಲ್ಲಿ ಬರೆದಿದ್ದದ್ದು ಇಷ್ಟು: ಈ ಬೆಟ್ಟದ ಮೆಟ್ಟಿಲನ್ನು ಒಮ್ಮೆಗೆ ಒಂದರಂತೆ ಹತ್ತಬಹುದು, ಎರಡರಂತೆ ಹಾರಿಯೂ ಹತ್ತಬಹುದು, ಎರಡನ್ನೂ ಬೆರೆಸಿಯೂ ಹತ್ತಬಹುದು. ತುದಿ ಮುಟ್ಟಲು ಒಟ್ಟು ಎಷ್ಟು ಬಗೆ?

ಅಕ್ಕನಿಗೆ ನಗು ಬಂತು. ಆ ಮೆಟ್ಟಿಲಿನ ಮೇಲೆ ಒಂಟಿಗಾಲಲ್ಲಿ ಕುಣಿದು ಮಂಡಿ ತರಚಿಕೊಂಡವಳು ಅವಳು. ಕೈ ಮುಗಿಯುವುದನ್ನು ಮರೆತು ಬೆರಳನ್ನು ಮರಳಿಗೆ ಇಟ್ಟಳು. ಹತ್ತುವ ಬಗೆಗಳನ್ನು ಒಂದರ ಕೆಳಗೊಂದು ಬರೆಯುತ್ತಾ ಹೋದಳು. ಒಂದು, ಒಂದು, ಎರಡು. ಒಂದು, ಎರಡು, ಒಂದು. ಹಲಗೆ ತುಂಬಿತು, ಒರೆಸಿದಳು, ಮತ್ತೆ ಬರೆದಳು. ಬರೆದದ್ದು ಯಾವುದು, ಬರೆಯಬೇಕಾದದ್ದು ಯಾವುದು ಎಂದು ಗೊತ್ತಾಗದೆ ಹೋಯಿತು. ಕರಿಬಟ್ಟೆ ಹೊತ್ತವನು ಅವಳ ಮುಂದೆಯೇ ನಿಂತಿದ್ದ, ಉಳಿದವರೆಲ್ಲ ಅವಳನ್ನೇ ನೋಡುತ್ತಿದ್ದರು. ಜಾಗಟೆ ಮೊಳಗಿತು.

ಆದರೂ ಅವಳು ಮೆಟ್ಟಿಲು ಹತ್ತಿದಳು. ಬೇಕಾದಷ್ಟು ಲೆಕ್ಕಗಳು ಸರಿಯಾಗಿದ್ದವಲ್ಲ. ಹಿಂದೆ ಲೆಕ್ಕವೂ ಹತ್ತಿತು. ಓದುಮನೆಯ ಬಾಗಿಲು ಒಬ್ಬರು ಹಿಡಿಸುವಷ್ಟೇ ಅಗಲ. ಬಾಗಿಲು ಕಾಯುವವನು ಅವಳ ಹಿಂದೆ ಕಣ್ಣು ಹಾಯಿಸಿ, "ಇಬ್ಬರಿಗೆ ಜಾಗ ಇಲ್ಲಮ್ಮ," ಎಂದ. ಅಕ್ಕ ಇಳಿದು ಬಂದಳು. ಲೆಕ್ಕವೂ ಇಳಿದು ಬಂತು.

ಆ ಲೆಕ್ಕ ಹೇಗಿತ್ತು ಎಂದು ಕೇಳಿದರೆ ಹೇಳುವುದು ಕಷ್ಟ. ಅದಕ್ಕೆ ಮುಖವಿರಲಿಲ್ಲ, ಆದರೆ ಅದು ಕೂತ ಮೂಲೆಯಲ್ಲಿ ಬೇರೆ ಯಾರೂ ಕೂರಲಾಗುತ್ತಿರಲಿಲ್ಲ. ಊಟ ಬೇಡುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಕೂಡಲೇ ಒಂದೇ ಒಂದು ಮಾತು ಕೇಳುತ್ತಿತ್ತು: "ಎಷ್ಟು ಬಗೆ?"

ಅಕ್ಕ ಉತ್ತರ ಕೊಡುತ್ತಿರಲಿಲ್ಲ. ದೀಪದ ಬತ್ತಿ ಸರಿಮಾಡಿ ಒಲೆಯ ಕಡೆಗೆ ತಿರುಗಿಬಿಡುತ್ತಿದ್ದಳು. ಹೊಟ್ಟೆಪಾಡಿಗೆ ಅವಳು ಹಿಡಿದ ಕೆಲಸವೆಂದರೆ ಪರೀಕ್ಷೆಯ ಹಲಗೆಗಳಿಗೆ ಮರಳು ಜರಡಿ ಹಿಡಿಯುವುದು. ಹೊಳೆಯಿಂದ ಮರಳು ತರುವಳು, ತೊಳೆಯುವಳು, ಒಣಗಿಸುವಳು, ಜರಡಿಯಲ್ಲಿ ಆಡಿಸುವಳು, ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿ ಓದುಮನೆಯ ಹಿತ್ತಿಲ ಬಾಗಿಲಿಗೆ ಕೊಡುವಳು. ಅವಳು ಜರಡಿ ಹಿಡಿದ ಮರಳಿನಲ್ಲಿ ಒಂದು ಕಲ್ಲೂ ಬೆರಳಿಗೆ ತಾಗುತ್ತಿರಲಿಲ್ಲ. ತನ್ನನ್ನು ಎಬ್ಬಿಸಿ ಕಳಿಸಿದ ಅಂಗಳಕ್ಕೆ ವರ್ಷವಿಡೀ ಮರಳು ಹದ ಮಾಡುತ್ತಾಳಲ್ಲ ಎಂದು ಊರು ಆಡಿಕೊಂಡಿತು. ಊರಿಗೇನು, ಆಡಿಕೊಳ್ಳುವುದಕ್ಕೆ ಬಾಡಿಗೆ ಕೊಡಬೇಕೆ?

ತಂಗಿ ಮಾತ್ರ ಆ ಲೆಕ್ಕದ ಜೊತೆಯಲ್ಲೇ ಬೆಳೆದಳು. ಬೇರೆ ಮಕ್ಕಳಿಗೆ ಮನೆಯಲ್ಲಿ ಅಜ್ಜಿ ಇದ್ದಂತೆ ಅವಳಿಗೆ ಅದು. ಸಂಜೆ ಅದು ಕೇಳುತ್ತಿತ್ತು, ಇವಳು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು. ನೂರು ಎನ್ನುವಳು, ಸಾವಿರ ಎನ್ನುವಳು, ನಿನ್ನ ತಲೆ ಎನ್ನುವಳು. ಅದು ಮರುದಿನ ಮತ್ತೆ ಕೇಳುತ್ತಿತ್ತು. ಒಂದು ದಿನ ಅವರೆಕಾಳು ಸುಲಿಯುತ್ತಾ ಕೂತವಳಿಗೆ, ಇಡೀ ಬೆಟ್ಟವನ್ನು ಯಾಕೆ ಹತ್ತಬೇಕು, ಒಂದೇ ಮೆಟ್ಟಿಲಿದ್ದರೆ ಏನಾಗುತ್ತಿತ್ತು ಅನಿಸಿತು. ಒಂದು ಮೆಟ್ಟಿಲಿಗೆ ಒಂದೇ ಬಗೆ. ಎರಡಕ್ಕೆ ಎರಡು ಬಗೆ. ಮೂರಕ್ಕೆ ಮೂರು. ಸರಿ, ನಾಲ್ಕಕ್ಕೆ ನಾಲ್ಕಿರಬೇಕು ಎಂದು ಕಾಳು ಜೋಡಿಸಿದರೆ ಐದು ಬಂತು. ಮತ್ತೆ ಜೋಡಿಸಿದಳು, ಮತ್ತೆ ಐದೇ. ಐದು ಮೆಟ್ಟಿಲಿಗೆ ಎಂಟು ಬಂತು. ಕಾಳು ಸಾಲದೆ ಹೊರಗೆ ಓಡಿ ಬೆಟ್ಟದ ಮೆಟ್ಟಿಲಿನ ಮೇಲೆ ನಿಂತಳು.

ಅಲ್ಲಿ ನಿಂತಾಗ ಅವಳಿಗೆ ಸಿಕ್ಕಿತು. ತಾನು ನಿಂತ ಈ ಮೆಟ್ಟಿಲಿಗೆ ಎಲ್ಲಿಂದ ಬಂದೆ? ಒಂದೋ ಕೆಳಗಿನ ಮೆಟ್ಟಿಲಿನಿಂದ, ಇಲ್ಲವೇ ಅದರ ಕೆಳಗಿನದರಿಂದ ಹಾರಿ. ಮೂರನೆಯ ದಾರಿಯೇ ಇಲ್ಲ. ಹಾಗಾದರೆ ಆ ಎರಡು ಮೆಟ್ಟಿಲಿಗೆ ಬರುವ ಬಗೆಗಳನ್ನು ಕೂಡಿಸಿದರೆ ಈ ಮೆಟ್ಟಿಲಿನದು ಬರಬೇಕು. ಮೂರೂ ಎರಡೂ ಐದು. ಐದೂ ಮೂರೂ ಎಂಟು. ತುದಿಯವರೆಗೂ ಇಷ್ಟೇ ಕೆಲಸ, ಕೂಡಿಸುತ್ತಾ ಹೋಗುವುದು. ಹತ್ತುವ ಬಗೆಗಳನ್ನು ಬರೆಯುವ ಹಂಗೇ ಇಲ್ಲ, ಹಿಂದಿನ ಎರಡನ್ನು ನೆನಪಿಟ್ಟುಕೊಂಡರೆ ಸಾಕು.

ಅಕ್ಕನಿಗೆ ಹೇಳಬೇಕೆಂದು ಓಡಿ ಬಂದಳು. ಅಕ್ಕ ಮನೆಯ ಮುಂದೆ ಜರಡಿ ಆಡಿಸುತ್ತಿದ್ದಳು.

"ಅಕ್ಕಾ, ಆ ಲೆಕ್ಕ ಇದೆಯಲ್ಲಾ..."

ಜರಡಿ ನಿಂತಿತು. "ಯಾವ ಲೆಕ್ಕ?"

"ಮೂಲೇದು."

"ಅದರ ಜೊತೆ ಮಾತಾಡ್ಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?" ಅಕ್ಕ ಅವಳನ್ನು ಹತ್ತಿರ ಎಳೆದುಕೊಂಡು, ಅವಳ ಕೈಯನ್ನು ಜರಡಿಯ ಅಂಚಿಗೆ ಒತ್ತಿ ಹಿಡಿದಳು. "ಇದು ನಮ್ಮ ಅನ್ನ. ಇದರ ಮೇಲೆ ಆಣೆ ಇಡು. ಕರಿಬಟ್ಟೆ ಮುಂದೆ ಬಂದಾಗ ಕೈ ಮುಗೀತೀನಿ, ಮುಟ್ಟಲ್ಲ ಅಂತ. ನಾನು ಒಬ್ಬಳು ಸಾಕು ಈ ಮನೇಲಿ."

ಅಕ್ಕ ಹಿಡಿದ ಕೈ ಬಿಡಲಿಲ್ಲ. ತಂಗಿಗೆ ಹೆದರಿಕೆಯಾಯಿತು, ಆಣೆ ಇಟ್ಟಳು. ಸಿಕ್ಕಿದ್ದನ್ನು ಹೇಳಲಿಲ್ಲ. ಹೇಳಿದರೆ ಅಕ್ಕ ಇನ್ನಷ್ಟು ಹೆದರಿಯಾಳು ಅನಿಸಿತು. ಅವತ್ತಿನಿಂದ ಸಂಜೆ ಲೆಕ್ಕ ಕೇಳಿದಾಗ ಅವಳೂ ದೀಪದ ಬತ್ತಿ ಸರಿಮಾಡಿ ಒಲೆಯ ಕಡೆಗೆ ತಿರುಗತೊಡಗಿದಳು. ಗೊತ್ತಿದ್ದು ಮನೆಯಲ್ಲಿ ಹೇಳಿದರೂ ಪ್ರಯೋಜನವಿಲ್ಲ, ಉತ್ತರ ಸಲ್ಲುವುದು ಅಂಗಳದ ಮರಳಿನಲ್ಲಿ ಮಾತ್ರ. ಅಲ್ಲಿ ಒಬ್ಬರು ಮುಗಿಸಿದರೆ ಆ ಲೆಕ್ಕ ಯಾರ ಯಾರ ಮನೆಯಲ್ಲಿದೆಯೋ ಅಲ್ಲಿಂದೆಲ್ಲ ಎದ್ದು ಹೋಗುತ್ತದೆ. ತೊಟ್ಟಿಯ ಇನ್ನೊಂದು ಲೆಕ್ಕ ಹಾಗೆಯೇ ಒಂದು ಮನೆಯಿಂದ ಎದ್ದು ಹೋದದ್ದನ್ನು ಊರು ಕಂಡಿತ್ತು.

ತಂಗಿಯ ಸರದಿ ಬಂತು. ಬೇವಿನ ಹೂ ಹಲಗೆಯ ಮೇಲೆಲ್ಲ ಉದುರುತ್ತಿತ್ತು. ಅವಳ ಬೆರಳು ಮರಳಿನಲ್ಲಿ ಸರಾಗವಾಗಿ ಓಡಿತು. ಒಂದು ಲೆಕ್ಕ ಮುಗಿಯಿತು, ಮರಳು ಸಮನಾಯಿತು. ಮತ್ತೊಂದು ಮುಗಿಯಿತು, ಮರಳು ಸಮನಾಯಿತು. ಎಲ್ಲ ಮುಗಿಸಿ ತಲೆ ಎತ್ತಿದಾಗ ಕೊಪ್ಪರಿಗೆಯಲ್ಲಿ ಬಟ್ಟಲು ಅರ್ಧ ತೇಲುತ್ತಿತ್ತು. ಬೇಲಿಯಾಚೆ ಊರಿನವರು ನಿಂತಿದ್ದರು, ಅವರ ನಡುವೆ ಅಕ್ಕನೂ ನಿಂತಿದ್ದಳು.

ಕರಿಬಟ್ಟೆ ಮುಂದೆ ಬಂತು. ಓದುವ ಅಗತ್ಯವಿರಲಿಲ್ಲ. ತಂಗಿ ಬಟ್ಟಲನ್ನು ನೋಡಿದಳು. ಬೆಟ್ಟದ ಮೆಟ್ಟಿಲು ಉದ್ದ, ತುದಿಗೆ ಹೋಗುವಷ್ಟರಲ್ಲಿ ಅಂಕಿಗಳು ಬಹಳ ದಪ್ಪವಾಗುತ್ತವೆ, ಒಂದು ಕಡೆ ಕೂಡಿಸುವುದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಮುಗಿಯಬಹುದು. ಮುಗಿಯದೆಯೂ ಇರಬಹುದು. ಮುಗಿಯದಿದ್ದರೆ ಓದುಮನೆಯ ಬಾಗಿಲು ಅವಳಿಗೂ ಇಲ್ಲ. ಮುಗಿದರೆ ಅಕ್ಕನ ಮೂಲೆ ಖಾಲಿಯಾಗುತ್ತದೆ. ಅವಳು ಬೆರಳನ್ನು ಮರಳಿನ ಮೇಲಕ್ಕೆ ತಂದು ಹಿಡಿದಳು. ಮರಳಿನ ಬಿಸಿ ಬೆರಳಿಗೆ ತಿಳಿಯುತ್ತಿತ್ತು.

ಬೇಲಿಯ ಕಡೆ ನೋಡಿದಳು. ಅಕ್ಕ ತಲೆ ಅಲ್ಲಾಡಿಸಿದಳು. ಬೇಡ ಎಂದು ಮತ್ತೊಮ್ಮೆ ಅಲ್ಲಾಡಿಸಿದಳು.

ತಂಗಿ ಕೈ ಮುಗಿದಳು. ಕರಿಬಟ್ಟೆ ಮುಂದಕ್ಕೆ ಹೋಯಿತು. ಅದಾದ ಮೇಲೆ ಬಟ್ಟಲು ಎಷ್ಟೋ ಹೊತ್ತು ತೇಲುತ್ತಲೇ ಇತ್ತು. ಅಷ್ಟು ಹೊತ್ತೂ ಅವಳು ಕೈ ಕಟ್ಟಿಕೊಂಡು ಕೂತು ನೋಡಬೇಕಾಯಿತು. ಆ ಕೂತದ್ದನ್ನು ಅವಳು ಮುಂದೆಂದೂ ಮರೆಯಲಿಲ್ಲ.

ಓದುಮನೆ ತಣ್ಣಗಿತ್ತು. ಅಲ್ಲಿನ ಗೋಡೆಗಳು ತೇವವಾಗಿರಲಿಲ್ಲ, ಮೂಲೆಗಳೆಲ್ಲ ಖಾಲಿ. ಯಾರ ಹಿಂದೆಯೂ ಏನೂ ಇರಲಿಲ್ಲ. ಸಂಜೆ ದೀಪ ಹಚ್ಚಿದರೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಮೊದಮೊದಲು ತಂಗಿಗೆ ಇದು ಸುಖವೆನಿಸಿತು. ಆಮೇಲೆ ದೀಪ ಹಚ್ಚುವ ಹೊತ್ತಿಗೆ ಏನೋ ಕಳೆದುಕೊಂಡವಳಂತೆ ಅತ್ತಿತ್ತ ನೋಡುವುದು ರೂಢಿಯಾಯಿತು. ಒಂದು ದಿನ ಅಲ್ಲಿನ ಹಿರಿಯನನ್ನು ಕೇಳಿದಳು.

"ಕರಿಬಟ್ಟೆಯ ಲೆಕ್ಕಕ್ಕೆ ಉತ್ತರ ಎಷ್ಟು?"

ಹಿರಿಯ ನಕ್ಕ. "ಅದು ಮಾಡೋಕೆ ಇಟ್ಟಿರೋದಲ್ಲಮ್ಮ. ಯಾರು ಬಿಡೋಕೆ ಕಲ್ತಿದಾರೆ ಅಂತ ನೋಡೋಕೆ ಇಟ್ಟಿರೋದು."

"ನಿಮಗೆ ಗೊತ್ತಿಲ್ವಾ?"

"ನಂಗೆ ಹೇಗೆ ಗೊತ್ತಿರುತ್ತೆ? ನಾನೂ ಕೈ ಮುಗಿದೇ ಬಂದೋನು. ಇಲ್ಲಿರೋರೆಲ್ಲ ಹಾಗೇ."

"ನಂಗೆ ಗೊತ್ತು," ಎಂದಳು ತಂಗಿ.

ಹಿರಿಯ ಬೈಯಲಿಲ್ಲ. "ಗೊತ್ತಿದ್ದೂ ಬಿಟ್ಟು ಬಂದೆಯಾ?" ಎಂದು ಕೇಳಿದ. ತಂಗಿ ಎದ್ದು ದೀಪ ಹಚ್ಚಲು ಹೋದಳು. ಅವನೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಮುಂದಿನ ವರ್ಷ ಕರಿಬಟ್ಟೆ ಹೊರುವ ಕೆಲಸವನ್ನು ಅವಳಿಗೆ ವಹಿಸಿದ. ಗೌರವವೆಂದು ವಹಿಸಿದನೋ ಶಿಕ್ಷೆಯೆಂದು ವಹಿಸಿದನೋ ದೇವರಿಗೇ ಗೊತ್ತು.

ಹೀಗೆ ತಂಗಿ ವರ್ಷ ವರ್ಷವೂ ಕೈಗೆ ಬಿಳಿ ವಸ್ತ್ರ ಸುತ್ತಿಕೊಂಡು ಬೆಟ್ಟ ಇಳಿದಳು. ಹೊತ್ತವರು ಮರಳನ್ನು ಮುಟ್ಟುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ಒಬ್ಬೊಬ್ಬರ ಮುಂದೆಯೂ ನಿಂತಳು. ಅವರು ಓದಿದರು, ಕೈ ಮುಗಿದರು. ಮತ್ತೊಬ್ಬರು ಓದಿದರು, ಕೈ ಮುಗಿದರು. ಒಬ್ಬರಾದರೂ ಬೆರಳು ಇಟ್ಟಾರೇ ಎಂದು ಅವಳು ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದಳು. ಮೇಷ್ಟ್ರು ಬೇಲಿಯಾಚೆ ನಿಂತು ತಮ್ಮ ಮಕ್ಕಳ ಕೈಗಳನ್ನು ನೋಡಿ ತೃಪ್ತಿಯಿಂದ ತಲೆದೂಗುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ತಂಗಿ ನೆಟ್ಟಗೆ ಮೇಲೆ ಹತ್ತಿಬಿಡುತ್ತಿದ್ದಳು. ಅಕ್ಕನ ಮನೆ ಕೂಗಳತೆಯಲ್ಲೇ ಇತ್ತು. ಹೋಗಬಾರದೆಂದು ಯಾರೂ ತಡೆದಿರಲಿಲ್ಲ. ಹೋದರೆ ದೀಪ ಹಚ್ಚುವ ಹೊತ್ತಾಗುತ್ತದೆ, ಹೊತ್ತಾದರೆ ಅದು ಕೇಳುತ್ತದೆ, ಕೇಳಿದರೆ ಅಕ್ಕನ ಮುಖವನ್ನು ಹೇಗೆ ನೋಡುವುದು ಎಂದು ಅವಳಿಗೆ ಸಂಕಟ. ನಾಚಿಕೆ ಎಂದರೂ ಸರಿಯೇ.

ಒಂದು ವರ್ಷ ಅಂಗಳದಲ್ಲಿ ಒಬ್ಬಳು ಹುಡುಗಿ ಬರೆಯುತ್ತಾ ಬರೆಯುತ್ತಾ ಬೆರಳನ್ನು ಫಕ್ಕನೆ ಎತ್ತಿಕೊಂಡಳು. ಬೆರಳ ತುದಿಯಲ್ಲಿ ರಕ್ತ. ಮರಳಿನಲ್ಲಿ ಕಲ್ಲಿತ್ತು. ತಂಗಿ ಸುತ್ತ ನೋಡಿದಳು. ಎಲ್ಲ ಹಲಗೆಗಳಲ್ಲೂ ಸಣ್ಣ ಸಣ್ಣ ಕಲ್ಲುಗಳು ಮಿನುಗುತ್ತಿದ್ದವು. ಜರಡಿ ಹಿಡಿಯುವ ಕೈ ಸೋತಿದೆ ಎಂದು ಅವಳಿಗೆ ಅಲ್ಲೇ ತಿಳಿಯಿತು. ಜಾಗಟೆಯಾದೊಡನೆ ಕರಿಬಟ್ಟೆಯನ್ನು ಮಡಿಚಿ ಬೇರೊಬ್ಬರ ಕೈಗೆ ಕೊಟ್ಟು ಬೇಲಿ ದಾಟಿದಳು.

ಅಕ್ಕ ಹೊಸಿಲಲ್ಲಿ ಕೂತಿದ್ದಳು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಬೆರಳುಗಳು ಸೆಟೆದು ಮಡಿಚಲು ಬರುತ್ತಿರಲಿಲ್ಲ. ತಂಗಿಯನ್ನು ಕಂಡು ಏಳಲು ಹೋಗಿ ಏಳಲಾಗದೆ ನಕ್ಕಳು.

"ಕಲ್ಲಿತ್ತಾ?" ಎಂದು ಕೇಳಿದಳು.

"ಇತ್ತು."

"ಯಾರಿಗಾದ್ರೂ ಚುಚ್ತಾ?"

"ಒಂದು ಹುಡುಗೀಗೆ. ಸ್ವಲ್ಪ."

"ಅಯ್ಯೋ ಪಾಪ," ಎಂದಳು ಅಕ್ಕ. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲೇ ಇಲ್ಲ. ಕೇಳಿದ್ದರೆ ತಂಗಿಗೆ ಹಗುರಾಗುತ್ತಿತ್ತು.

ಹೊತ್ತು ಇಳಿಯಿತು. ತಂಗಿಯೇ ದೀಪ ಹಚ್ಚಿದಳು. ಮೂಲೆ ಇದ್ದಲ್ಲೇ ಇತ್ತು.

"ಎಷ್ಟು ಬಗೆ?" ಎಂದು ಲೆಕ್ಕ ಕೇಳಿತು.

ತಂಗಿ ಬತ್ತಿಗೆ ಕೈ ಹಾಕಲಿಲ್ಲ, ಒಲೆಯ ಕಡೆಗೆ ತಿರುಗಲಿಲ್ಲ. ಮೂಲೆಗೆ ಮುಖ ಮಾಡಿ ಕೂತು ಹೇಳತೊಡಗಿದಳು. "ಒಂದು ಮೆಟ್ಟಿಲಿಗೆ ಒಂದು. ಎರಡಕ್ಕೆ ಎರಡು. ಮೂರಕ್ಕೆ ಮೂರು. ನಾಲ್ಕಕ್ಕೆ ಐದು. ಐದಕ್ಕೆ..."

"ಎಂಟು," ಎಂದಳು ಅಕ್ಕ ಹಿಂದಿನಿಂದ.

ತಂಗಿ ತಿರುಗಿದಳು.

"ಆರಕ್ಕೆ ಹದಿಮೂರು. ಏಳಕ್ಕೆ ಇಪ್ಪತ್ತೊಂದು," ಎಂದಳು ಅಕ್ಕ. "ಹಿಂದಿನ ಎರಡನ್ನ ಕೂಡಿಸ್ತಾ ಹೋಗೋದು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೆ."

"ಯಾವಾಗಿಂದ?"

ಅಕ್ಕ ತನ್ನ ಸೆಟೆದ ಬೆರಳುಗಳನ್ನು ಎಡಗೈಯಿಂದ ನೀವಿಕೊಂಡಳು. "ಮರಳು ಹೊರೋಕೆ ಶುರು ಮಾಡಿದ ದಿನದಿಂದ. ಬುಟ್ಟಿ ಭಾರ, ಒಂದೊಂದೇ ಮೆಟ್ಟಿಲು ಹತ್ತಿದೆ. ಖಾಲಿ ಬುಟ್ಟಿ ಹೊತ್ಕೊಂಡು ಇಳಿಯೋವಾಗ ಎರಡೆರಡು ಹಾರ್ದೆ. ಅಷ್ಟರಲ್ಲಿ ಹೊಳೀತು. ಅಲ್ಲೇ ಕೂತು ಅತ್ತೆ. ಬಟ್ಟಲು ಮುಳುಗಿ ಇನ್ನೂ ಒಂದು ವಾರನೂ ಆಗಿರ್ಲಿಲ್ಲ."

"ಮತ್ತೆ ನಂಗೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀನು ಮುಟ್ತಿದ್ದೆ."

"ಮುಟ್ಟಿದ್ರೆ ಮುಗಿಸ್ತಿದ್ದೆ ಅಕ್ಕ. ನಂಗೂ ಗೊತ್ತಿತ್ತು. ಹಾಲು ಹಲ್ಲು ಬಿದ್ದ ವರ್ಷದಿಂದ ಗೊತ್ತಿತ್ತು. ಅವತ್ತು ಜರಡಿ ಹತ್ರ ಅದನ್ನೇ ಹೇಳೋಕೆ ಬಂದಿದ್ದೆ."

ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಉತ್ತರವನ್ನು ಬಚ್ಚಿಟ್ಟುಕೊಂಡು, ಒಬ್ಬರು ಇನ್ನೊಬ್ಬರಿಗೆ ನೋವಾದೀತೆಂದು ಬತ್ತಿ ಸರಿಮಾಡುತ್ತಾ ಕಳೆದ ಸಂಜೆಗಳೆಲ್ಲ ಆ ನಡುಮನೆಯಲ್ಲಿ ಬಂದು ನಿಂತಂತಾಯಿತು. ಇಬ್ಬರೂ ಕೂತು ಕಾಳು ಹಿಡಿದು ಕೂಡಿಸಿದ್ದರೆ, ತುದಿಯವರೆಗೂ ಬಾಯಿಪಾಠ ಮಾಡಿಟ್ಟಿದ್ದರೆ, ಅಂಗಳದಲ್ಲಿ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕಿತ್ತು?

"ಬಟ್ಟಲು ಇನ್ನೂ ಅರ್ಧ ತೇಲ್ತಿತ್ತು," ಎಂದಳು ಅಕ್ಕ ಕೊನೆಗೆ. "ಬೇಲಿಯಿಂದ ಕಾಣಿಸ್ತಿತ್ತು. ನಿನ್ನ ಬೆರಳು ಮರಳಿನ ಮೇಲೆ ನಿಂತಿರೋದೂ ಕಾಣಿಸ್ತಿತ್ತು. ಇವಳಿಗೆ ಗೊತ್ತಿರಬಹುದು ಅಂತ ನಂಗೆ ಅನ್ನಿಸ್ತು ಕಣೆ. ಅನ್ನಿಸ್ತು. ಆದ್ರೂ ತಲೆ ಅಲ್ಲಾಡಿಸ್ದೆ."

ತಂಗಿ ಅಕ್ಕನ ಸೆಟೆದ ಕೈಯನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಅವಳ ಕೈಯಲ್ಲಿ ಇನ್ನೂ ಬಿಳಿ ವಸ್ತ್ರ ಸುತ್ತಿಕೊಂಡೇ ಇತ್ತು. ಅದನ್ನು ಬಿಚ್ಚಿ ಅಕ್ಕನ ಬೆರಳುಗಳಿಗೆ ಬೆಚ್ಚಗೆ ಸುತ್ತಿದಳು. ಅಕ್ಕನೂ ಅಳಲಿಲ್ಲ, ತಂಗಿಯೂ ಅಳಲಿಲ್ಲ. ಅಳುವ ಕಾಲ ದಾಟಿಹೋಗಿತ್ತು.

ಇಬ್ಬರೂ ಸೇರಿ ಮೊದಲಿನಿಂದ ಕೂಡಿಸಿದರು. ಒಬ್ಬಳು ಹಿಂದಿನದನ್ನು ನೆನಪಿಟ್ಟುಕೊಂಡರೆ ಇನ್ನೊಬ್ಬಳು ಅದರ ಹಿಂದಿನದನ್ನು ನೆನಪಿಟ್ಟುಕೊಂಡಳು. ಅಂಕಿಗಳು ದಪ್ಪವಾದವು, ನಾಲಿಗೆ ತೊಡರಿತು, ಒಂದು ಕಡೆ ತಪ್ಪಿ ಹಿಂದೆ ಹೋಗಿ ಸರಿಮಾಡಿಕೊಂಡರು. ಬೆಟ್ಟದ ತುದಿಯ ಮೆಟ್ಟಿಲಿಗೆ ಬಂದು ಉತ್ತರವನ್ನು ಇಬ್ಬರೂ ಒಟ್ಟಿಗೇ ಹೇಳಿದರು. ದೀಪ ಇನ್ನೂ ಉರಿಯುತ್ತಿತ್ತು, ಹಾಕಿದ ಎಣ್ಣೆಯಲ್ಲಿ ಅರ್ಧವೂ ತೀರಿರಲಿಲ್ಲ.

ಲೆಕ್ಕ ಪೂರ್ತಿ ಕೇಳಿಸಿಕೊಂಡಿತು. ಅಷ್ಟು ಗಮನವಿಟ್ಟು ಅದರ ಮಾತಿಗೆ ಯಾರೂ ಉತ್ತರ ಹೇಳಿರಲಿಲ್ಲ. ಅದು ಎದ್ದು ಹೋಗುತ್ತದೇನೋ ಎಂದು ಇಬ್ಬರೂ ಮೂಲೆಯನ್ನು ನೋಡಿದರು. ಆದರೆ ಅದು ಅಂಗಳವಲ್ಲ, ಅಲ್ಲಿ ಮರಳಿರಲಿಲ್ಲ, ಅವರಿಬ್ಬರ ಸರದಿಯೂ ಯಾವತ್ತೋ ಮುಗಿದಿತ್ತು.

"ಎಷ್ಟು ಬಗೆ?" ಎಂದು ಅದು ಮತ್ತೆ ಕೇಳಿತು.

"ಒಂದು ಮೆಟ್ಟಿಲಿಗೆ ಒಂದು," ಎಂದು ಈ ಸಲ ಅಕ್ಕ ಶುರುಮಾಡಿದಳು.